ಪುಸ್ತಕ ಮುಚ್ಚಿದ ಮೇಲೆ ಮಾತು ಶುರುವಾಗುತ್ತದಾ? ಮಕ್ಕಳಿಗೆ ಪುಸ್ತಕ ಆರಿಸಲು ಒಂದು ಸಮಗ್ರ ಮಾರ್ಗದರ್ಶಿ

ಮಗಳಿಗೆ ಐದು ವರ್ಷ ಇರುವಾಗ, ಮನೆಬಾಗಿಲಿಗೆ ಬಂದ ಒಬ್ಬರ ಮಾತು ಕೇಳಿ ಹನ್ನೆರಡು ಸಂಪುಟದ ಮಕ್ಕಳ ವಿಶ್ವಕೋಶ ಕೊಂಡೆ. ಅದೂ ಕಂತಿನಲ್ಲಿ. ಹೊಳೆಯುವ ರಟ್ಟು, ನುಣ್ಣನೆಯ ಕಾಗದ, ಶೋಕೇಸಿಗೆ ಹೇಳಿ ಮಾಡಿಸಿದ ಹಾಗಿತ್ತು. ಉಡುಪಿಯ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೂಸ್ಟು ಹಿಡಿಯಿತು. ಕಂತು ಮುಗಿದಿತ್ತು, ಆದರೆ ಪುಟಗಳು ಮಾತ್ರ ತಂದ ದಿನದ ಹಾಗೇ ಒಂದಕ್ಕೊಂದು ಅಂಟಿಕೊಂಡಿದ್ದವು. ಅದೇ ಹೊತ್ತಿನಲ್ಲಿ ರಥಬೀದಿ ಹತ್ತಿರ ಕೊಂಡ ಹದಿನಾರು ಪುಟದ ಒಂದು ಚಿತ್ರಪುಸ್ತಕ ಪಿನ್ನು ಬಿಟ್ಟು, ಹಲಸಿನ ಮೇಣ ಮೆತ್ತಿ, ಗುರುತೇ ಸಿಗದ ಹಾಗಾಗಿತ್ತು. ಅದು ಅವಳಿಗೆ ಬಾಯಿಪಾಠ. ಊಟಕ್ಕೆ ಕೂತರೂ ಅದರದ್ದೇ ಪ್ರಶ್ನೆ.

ಅಲ್ಲಿಂದ ನಾನು ಪುಸ್ತಕ ಆರಿಸುವ ರೀತಿ ಬದಲಾಯಿತು. ರಟ್ಟಿನ ಮೇಲೆ ಬರೆದ ವಯಸ್ಸು, ಸಿಕ್ಕಿದ ಬಹುಮಾನ, 'ಮೌಲ್ಯಯುತ ಕಥೆಗಳು' ಎಂಬ ಪಟ್ಟಿ, ಇವೆಲ್ಲ ಆಮೇಲೆ. ಮೊದಲು ನೋಡುವುದು ಒಂದೇ. ಇದನ್ನು ಮುಚ್ಚಿದ ಮೇಲೆ ಮನೆಯಲ್ಲಿ ಮಾತು ಶುರುವಾಗುತ್ತದಾ? ಅದನ್ನು ಅಂಗಡಿಯಲ್ಲಿ ನಿಂತಲ್ಲೇ ಗುರುತಿಸುವುದು ಹೇಗೆ ಎಂದು ಹೆಜ್ಜೆಹೆಜ್ಜೆಯಾಗಿ ಬರೆದಿದ್ದೇನೆ.

ಹೆಜ್ಜೆ 1: ಪುಸ್ತಕಕ್ಕಿಂತ ಮೊದಲು ಮನೆಯ ಭಾಷೆ ನೋಡಿ

ನಮ್ಮ ಮಂಗಳೂರು, ಉಡುಪಿ ಕಡೆಯ ಮಕ್ಕಳ ಕಥೆ ಸ್ವಲ್ಪ ಬೇರೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪ್ರ ಕನ್ನಡ. ಶಾಲೆಯಲ್ಲಿ ಇಂಗ್ಲಿಷು. ಕನ್ನಡ ಕಾಣುವುದು ಪಠ್ಯಪುಸ್ತಕದಲ್ಲಿ ಮತ್ತು ಬಸ್ಸಿನ ಬೋರ್ಡಿನಲ್ಲಿ. ಆ ಪುಸ್ತಕದ ಕನ್ನಡವೂ ಎಷ್ಟೋ ಸಲ ಘಟ್ಟದ ಮೇಲಿನದು. ಹೊಲ, ಜೋಳದ ತೆನೆ, ಎತ್ತಿನ ಬಂಡಿ. ನಮ್ಮ ಮಕ್ಕಳು ಕಂಡದ್ದು ಗದ್ದೆ, ತೋಟ, ದೋಣಿ. ಒಮ್ಮೆ ಪಕ್ಕದ ಮನೆಯ ಹುಡುಗ 'ಏಡಿ' ಎಂಬ ಪದವನ್ನು ಸರಿಯಾಗಿ ಓದಿ ಸುಮ್ನೆ ಕೂತಿದ್ದ. ನಾನು ತುಳುವಿನಲ್ಲಿ "ಡೆಂಜಿ ಮಾರಾಯ" ಎಂದದ್ದೇ ತಡ, ಕಣ್ಣು ಅರಳಿತು. ತಾನು ಹಿಡಿದ ಡೆಂಜಿಗಳ ಲೆಕ್ಕ ಕೊಡಲು ಶುರು ಮಾಡಿದ.

ಓದುವುದರ ಬಗ್ಗೆ 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು ಒಂದು ಸರಳ ಲೆಕ್ಕ ಮುಂದಿಟ್ಟರು. ಓದಿ ಅರ್ಥ ಮಾಡಿಕೊಳ್ಳುವುದು ಎಂದರೆ ಅಕ್ಷರ ಬಿಡಿಸುವ ಶಕ್ತಿ ಮತ್ತು ಮಾತು ತಿಳಿಯುವ ಶಕ್ತಿ, ಇವೆರಡರ ಗುಣಾಕಾರ. ಕೂಡುವುದಲ್ಲ, ಗುಣಿಸುವುದು. ಒಂದು ಕಡೆ ಸೊನ್ನೆ ಇದ್ದರೆ ಇನ್ನೊಂದು ಕಡೆ ಎಷ್ಟಿದ್ದರೂ ಉತ್ತರ ಸೊನ್ನೆಯೇ. ಆ ಹುಡುಗ ಏಡಿಯನ್ನು ಓದಿದ್ದು ಹಾಗೆ.

ಹಾಗಾಗಿ ಕೊಳ್ಳುವ ಮೊದಲು ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ. ಯಾವುದಾದರೂ ಕಥೆಯ ಒಂದು ಪುಟ ನೀವೇ ಓದಿ ಹೇಳಿ. ಮಗು ಅದನ್ನು ತನ್ನ ಮನೆಮಾತಿನಲ್ಲಿ ತಿರುಗಿ ಹೇಳಲಿ. ತುಳುವಿನಲ್ಲಿ ಹೇಳಿದರೂ ಆಗುತ್ತದೆ, ಕೊಂಕಣಿಯಲ್ಲಿ ಹೇಳಿದರೂ ಆಗುತ್ತದೆ. ಸರಿಯಾಗಿ ಹೇಳಿತು, ಆದರೆ ತಾನೇ ಓದುವಾಗ ತಡವರಿಸಿತು ಎಂದಾದರೆ ತೊಡಕು ಅಕ್ಷರದ್ದು. ಅಂಥ ಮಗುವಿಗೆ ತಾನೇ ಓದಲು ಕಡಿಮೆ ಅಕ್ಷರದ ಪುಸ್ತಕ ಕೊಡಿ. ದೊಡ್ಡ ಕಥೆಗಳನ್ನು ನೀವು ಓದಿ ಹೇಳುವುದನ್ನು ಮಾತ್ರ ನಿಲ್ಲಿಸಬೇಡಿ. ಸರಸರ ಓದಿತು, ಆದರೆ ಏನಾಯಿತು ಎಂದು ಕೇಳಿದರೆ ಗೋಡೆ ನೋಡಿತು ಎಂದಾದರೆ ತೊಡಕು ಪದಗಳದ್ದು. ಅದಕ್ಕೆ ಬೇಕಾದದ್ದು ತನಗೆ ಗೊತ್ತಿರುವ ಲೋಕದ ಕಥೆ. ಸಮುದ್ರ, ಮಳೆ, ಜಾತ್ರೆ, ಅಜ್ಜಿಮನೆ. ಈ ಎರಡು ಮಕ್ಕಳಿಗೂ 'ಆರರಿಂದ ಎಂಟು ವರ್ಷ' ಎಂದು ಬರೆದ ಒಂದೇ ಪುಸ್ತಕ ಕೊಟ್ಟರೆ ಇಬ್ಬರೂ ಬದಿಗಿಡುತ್ತಾರೆ.

ಹೆಜ್ಜೆ 2: ಅಕ್ಷರದ ಭಾರ ತೂಗಿ

ಇಂಗ್ಲಿಷ್ ಪುಸ್ತಕಗಳಿಗೆ ಐದು ಬೆರಳಿನ ಪರೀಕ್ಷೆ ಅಂತ ಒಂದು ಉಂಟು. ಮಗು ಒಂದು ಪುಟ ಓದುವಾಗ ಗೊತ್ತಿಲ್ಲದ ಪದ ಬಂದಾಗೆಲ್ಲ ಒಂದು ಬೆರಳು ಮಡಚುವುದು. ಐದೂ ಮಡಚಿದರೆ ಪುಸ್ತಕ ಕಷ್ಟ. ಎರಡು ಮೂರಾದರೆ ಸರಿಯಾಯಿತು. ಒಂದೂ ಇಲ್ಲದಿದ್ದರೆ ಸುಲಭ.

ಕನ್ನಡಕ್ಕೆ ಇದನ್ನು ಹಾಗೇ ತಂದರೆ ಮೋಸ ಹೋಗುತ್ತೇವೆ. ಇಂಗ್ಲಿಷಿನಲ್ಲಿ 26 ಅಕ್ಷರ. ನಮ್ಮಲ್ಲಿ 49, ಅದು ಬರೀ ಮೂಲಧನ. 34 ವ್ಯಂಜನಕ್ಕೂ ಕಾಗುಣಿತ ಸೇರಿಸಿದರೆ ರೂಪಗಳು ನಾನೂರು ದಾಟುತ್ತವೆ. ಮೇಲಿಂದ ಒತ್ತಕ್ಷರ. ಇದೆಲ್ಲ ಕೈವಶವಾಗಲು ಮೂರನೇ, ನಾಲ್ಕನೇ ಕ್ಲಾಸು ಆದರೂ ಆಶ್ಚರ್ಯವಿಲ್ಲ. ಒಂದನೇ ಕ್ಲಾಸಿನಲ್ಲಿ ಇಂಗ್ಲಿಷ್ ಪುಸ್ತಕ ಓದುವ ಮಗು ಕನ್ನಡದಲ್ಲಿ ಎಡವಿದರೆ 'ಇವಳಿಗೆ ಕನ್ನಡ ಬರುವುದೇ ಇಲ್ಲ' ಎಂದು ಕೈಚೆಲ್ಲಬೇಡಿ. ದಾರಿ ಉದ್ದ ಉಂಟು, ಅಷ್ಟೆ.

ಅದಕ್ಕೇ ನಾನು ಎರಡು ಕೈ ಬಳಸುತ್ತೇನೆ. ಅಕ್ಷರಕ್ಕೆ ಎಡವಿದರೆ ಎಡಗೈ ಬೆರಳು, ಅರ್ಥಕ್ಕೆ ಎಡವಿದರೆ ಬಲಗೈ ಬೆರಳು. 'ರಾಷ್ಟ್ರ', 'ಸ್ತ್ರೀ' ಬಂದಾಗ ಎಡಗೈ. 'ಬಣವೆ' ಬಂದಾಗ ಬಲಗೈ. ಎಡಗೈ ತುಂಬಿದ ಪುಸ್ತಕವನ್ನು ಮನೆಗೆ ತನ್ನಿ, ಆದರೆ ನೀವು ಓದಿ ಹೇಳಲು. ಬಲಗೈ ತುಂಬಿದ್ದನ್ನು ಆರು ತಿಂಗಳು ಬಿಟ್ಟು ನೋಡಿ.

ಅಚ್ಚನ್ನೂ ನೋಡಬೇಕು. ಕನ್ನಡದ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ದೊಡ್ಡವರ ಕಣ್ಣು ಇದನ್ನು ಹಾರಿಸಿಕೊಂಡು ಹೋಗುತ್ತದೆ. ಎಳೆಯ ಕಣ್ಣು ಅಲ್ಲೇ ಸಿಕ್ಕಿಬೀಳುತ್ತದೆ. ಬಣ್ಣದ ಚಿತ್ರದ ಮೇಲೇ ಸಣ್ಣ ಅಕ್ಷರ ಅಚ್ಚು ಹಾಕಿದ ಪುಸ್ತಕವನ್ನಂತೂ ನಾನು ಮುಟ್ಟುವುದಿಲ್ಲ.

ಇನ್ನು ಮಟ್ಟಗಳ ವಿಷಯ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಸ್ಟೋರಿವೀವರ್ ಎಂಬ ಉಚಿತ ಜಾಲತಾಣ ಶುರು ಮಾಡಿತು. ಅಲ್ಲಿ ಕಥೆಗಳಿಗೆ ನಾಲ್ಕು ಮಟ್ಟ. ಮೊದಲನೆಯದು ಸುಮಾರು 250 ಪದದ ಒಳಗೆ, ಎರಡನೆಯದು 600ರವರೆಗೆ, ಮೂರನೆಯದು 1500ರವರೆಗೆ, ನಾಲ್ಕನೆಯದು ಅದಕ್ಕೂ ಮೇಲೆ. ಒಳ್ಳೆಯ ಏರ್ಪಾಡು. ಆದರೆ ಪದಗಳ ಎಣಿಕೆ ಕನ್ನಡದಲ್ಲಿ ಪೂರ್ತಿ ಸತ್ಯ ಹೇಳುವುದಿಲ್ಲ. 'ಓಡಿಹೋಗುತ್ತಿದ್ದವನನ್ನು' ಎನ್ನುವುದು ನಮಗೆ ಒಂದೇ ಪದ. ಇಂಗ್ಲಿಷಿನಲ್ಲಿ ಹೇಳಲು ಐದಾರು ಬೇಕು. ಮಟ್ಟ ನೋಡಿ, ಆಮೇಲೆ ನಡುವಿನ ಒಂದು ಪುಟ ತೆರೆದು ಇಂಥ ಉದ್ದ ಪದಗಳು ಎಷ್ಟಿವೆ ನೋಡಿ. ಮೊದಲ ಪುಟ ಯಾವಾಗಲೂ ಸುಲಭವೇ ಇರುತ್ತದೆ, ಅದನ್ನು ನಂಬಬೇಡಿ.

ಹೆಜ್ಜೆ 3: ಅಂಗಡಿಯಲ್ಲೇ ಒಂದು ಪುಟ ಜೋರಾಗಿ ಓದಿ

ನಾಚಿಕೆ ಬೇಡ. ಬಟ್ಟೆ ಅಂಗಡಿಯಲ್ಲಿ ಸೀರೆಯನ್ನು ಹೆಗಲಿಗೆ ಹಾಕಿ ನೋಡುವುದಿಲ್ವಾ? ಹಾಗೇ. ಮಕ್ಕಳ ಪುಸ್ತಕದ ಕನ್ನಡ ನಾಲಗೆಯ ಮೇಲೆ ಹೊರಳಬೇಕು.

ಅನುವಾದದ ಪುಸ್ತಕಗಳಲ್ಲಿ ಇದು ತುಂಬ ಮುಖ್ಯ. "ಅಜ್ಜಿಯಿಂದ ತಯಾರಿಸಲ್ಪಟ್ಟ ಬ್ರೆಡ್ಡು ಕರಡಿಯಿಂದ ತಿನ್ನಲ್ಪಟ್ಟಿತು." ಇದು ನಾನು ಕಟ್ಟಿದ ವಾಕ್ಯ, ಆದರೆ ಇದರ ಅಕ್ಕತಂಗಿಯರು ಅಂಗಡಿಯಲ್ಲಿ ಸಾಲಾಗಿ ನಿಂತಿದ್ದಾರೆ. "ಅಜ್ಜಿ ಮಾಡಿದ ಬ್ರೆಡ್ಡನ್ನು ಕರಡಿ ತಿಂದು ತೇಗಿತು" ಎಂದರೆ ಮಗು ನಗುತ್ತದೆ. 'ಲ್ಪಟ್ಟಿತು' ಎರಡು ಸಲ ಕಂಡರೆ ನಾನು ಪುಸ್ತಕವನ್ನು ಇದ್ದಲ್ಲೇ ಇಡುತ್ತೇನೆ. ಅನುವಾದವೇ ಬೇಡ ಎಂದಲ್ಲ. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್, ತೂಲಿಕಾ ಪುಸ್ತಕಗಳಲ್ಲಿ ಕನ್ನಡದ್ದೇ ಅನ್ನಿಸುವಂಥವು ಸಿಗುತ್ತವೆ. ಒಂದೇ ಪ್ರಕಾಶಕರದ್ದರಲ್ಲಿ ಒಂದು ಚೆನ್ನಾಗಿರುತ್ತದೆ, ಇನ್ನೊಂದು ಕಬ್ಬಿಣದ ಕಡಲೆ. ಹೆಸರು ನೋಡಿ ತೆಗೆದುಕೊಂಡರೆ ಆಗುವುದಿಲ್ಲ.

ಈ ವಿಷಯದಲ್ಲಿ ನಾವು ಪುಣ್ಯವಂತರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಶಾಲೆಗಳಲ್ಲಿ ದುಡಿದವರು. ಮಕ್ಕಳ ಬಾಯಿಗೆ ಯಾವ ಪದ ಸಿಹಿ ಎಂದು ಅವರಿಗೆ ಗೊತ್ತಿತ್ತು. 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಹುಟ್ಟಿದ್ದು ಅವರ ಮುಂದಾಳುತನದಲ್ಲಿ. ಅವರ ಹಾವಿನ ಪದ್ಯವನ್ನು ಮಗುವಿಗೆ ಒಮ್ಮೆ ಹೇಳಿಕೊಟ್ಟು ನೋಡಿ. ಪ್ರಾಸ, ತಾಳ, ಪದಗಳ ಆಟ ಇರುವ ಪದ್ಯಪುಸ್ತಕ ಒಂದಾದರೂ ಮನೆಯಲ್ಲಿ ಬೇಕು. ಬಾಯಿಗೆ ಬಂದ ಪದ್ಯವನ್ನು ಕಾಗದದಲ್ಲಿ ಬೆರಳಿಟ್ಟು ಓದುವಾಗ ಅಕ್ಷರ ತಾನಾಗಿ ಗುರುತು ಸಿಗುತ್ತದೆ.

ಹೆಜ್ಜೆ 4: ಕೊನೆಯ ಸಾಲಿಗೆ ಕೈ ಅಡ್ಡ ಹಿಡಿಯಿರಿ

ಯೋಚನೆ ಬೆಳೆಸುವ ಪುಸ್ತಕವನ್ನು ಗುರುತಿಸಲು ನನಗೆ ಗೊತ್ತಿರುವ ಅತ್ಯಂತ ಸುಲಭ ಉಪಾಯ ಇದು. ಕೊನೆಯ ಪುಟಕ್ಕೆ ಹೋಗಿ. 'ನೀತಿ:' ಎಂದು ಶುರುವಾಗುವ ಸಾಲು ಇದ್ದರೆ ಅದನ್ನು ಕೈಯಿಂದ ಮುಚ್ಚಿ. ಉಳಿದ ಕಥೆ ತನ್ನಷ್ಟಕ್ಕೆ ನಿಲ್ಲುತ್ತದಾ? ನಿಂತರೆ ತೆಗೆದುಕೊಳ್ಳಿ. ಮನೆಯಲ್ಲಿ ಆ ಸಾಲು ಓದದೆ ಬಿಟ್ಟರಾಯಿತು. ಆ ಸಾಲಿಗಾಗಿಯೇ ಕಥೆ ಕಟ್ಟಿದ್ದರೆ ಅದರಲ್ಲಿ ಮಗುವಿಗೆ ಮಾಡಲು ಕೆಲಸವೇ ಇಲ್ಲ. ಉತ್ತರ ಬರೆದಿಟ್ಟ ಲೆಕ್ಕ ಅದು.

ಯೋಚನೆ ಹುಟ್ಟುವ ಕಥೆಯಲ್ಲಿ ನಾನು ಕಂಡದ್ದು ಇಷ್ಟು. ಎದುರು ಪಾತ್ರಕ್ಕೂ ಒಂದು ಕಾರಣ ಇರುತ್ತದೆ, ಸುಮ್ನೆ ಕೆಟ್ಟದ್ದಾಗಿರುವುದಿಲ್ಲ. ಯಾರಾದರೂ ಒಬ್ಬರು 'ಹೀಗೆ ಮಾಡಲೋ, ಹಾಗೆ ಮಾಡಲೋ' ಎಂದು ನಿಲ್ಲುವ ಒಂದು ಜಾಗ ಇರುತ್ತದೆ. ಏನೋ ಒಂದನ್ನು ಹೇಳದೆ ಬಿಟ್ಟಿರುತ್ತಾರೆ.

ಇದನ್ನು ನಮಗೆ ಕಲಿಸಲು ಹೊರಗಿನ ತಜ್ಞರೇ ಬೇಕಾಗಿಲ್ಲ. ನಮ್ಮಲ್ಲಿ ಯಕ್ಷಗಾನದ ಮಾತಿನ ರೂಪ ತಾಳಮದ್ದಳೆ ಉಂಟಲ್ವಾ! ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಒಂದೊಂದು ಪಾತ್ರವಾಗಿ ಕೂತಲ್ಲೇ ವಾದ ಮಾಡುತ್ತಾರೆ. ಪಾತ್ರದ ಪರವಾಗಿ ಆಡುವ ಆ ಮಾತಿಗೇ 'ಅರ್ಥ' ಎನ್ನುವುದು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ನ್ಯಾಯ ಎಂದು ವಾಲಿ ಕೇಳುತ್ತಾನೆ. ರಾಮ ಉತ್ತರ ಕೊಡಬೇಕು. ಕಥೆ ಎಲ್ಲರಿಗೂ ಗೊತ್ತು, ಆದರೂ ಆ ವಾದ ಕೇಳಲು ಜನ ರಾತ್ರಿ ನಿದ್ದೆ ಬಿಡುತ್ತಾರೆ.

ಅದನ್ನೇ ಮನೆಗೆ ತನ್ನಿ. ನಾವು ಗೋವಿನ ಹಾಡಿನಿಂದ ಶುರು ಮಾಡಿದೆವು. ಪುಣ್ಯಕೋಟಿಯ ಪರವಾಗಿ ಎಲ್ಲರೂ ಮಾತಾಡುತ್ತಾರೆ. ಅದಕ್ಕೇ ಮಗಳಿಗೆ ಹುಲಿಯ ಅರ್ಥ ಕೊಟ್ಟೆ. ಮೊದಲ ದಿನ "ನಂಗೆ ಹಸಿವೆ" ಎಂದಷ್ಟೇ ಹೇಳಿ ಕೂತಳು. ಎರಡನೇ ದಿನ "ನಾನು ಹುಲ್ಲು ತಿಂದರೆ ನನ್ನ ಹೊಟ್ಟೆಗೆ ಆಗ್ತದಾ? ನಿನ್ನ ಕರುವಿಗೆ ಅಮ್ಮ ಬೇಕು, ನನ್ನ ಮರಿಗೆ ಊಟ ಬೇಡ್ವಾ?" ಎಂದಳು. ನಾನು ಪುಣ್ಯಕೋಟಿಯಾಗಿ ತಡವರಿಸಿದೆ. ಹುಲಿಗೆ ಮರಿ ಇದೆ ಎಂದು ಹಾಡಿನಲ್ಲಿ ಎಲ್ಲಿದೆ ಎಂದು ಕೇಳಿದರೆ, "ಇಲ್ಲ ಅಂತ ಎಲ್ಲಿದೆ?" ಎಂದಳು. ಪುಸ್ತಕದಲ್ಲಿ ಇರುವುದು ಯಾವುದು, ನಾವು ಊಹಿಸಿದ್ದು ಯಾವುದು ಎಂದು ಬೇರೆ ಮಾಡುವುದನ್ನು ಅವಳು ಆ ಜಗಳದಲ್ಲಿ ಕಲಿತಳು. ವರ್ಕ್‌ಶೀಟಿನಿಂದ ಅಲ್ಲ.

ಹಾಗಾಗಿ ಅಂಗಡಿಯಲ್ಲಿ ಕಥೆಪುಸ್ತಕ ಹಿಡಿದಾಗ ಮನಸ್ಸಿನಲ್ಲೇ ಕೇಳಿಕೊಳ್ಳಿ: ಇದರಲ್ಲಿ ಎರಡು ಅರ್ಥ ಹೇಳಲು ಆಗುತ್ತದಾ? ಮಾತು ಕೇಳದ ಮೊಲ ಬಾವಿಗೆ ಬಿತ್ತು ಎಂಬಲ್ಲಿಗೆ ಮುಗಿದರೆ ಒಂದೇ ಅರ್ಥ. ಆ ಮೊಲ ಬಾವಿಯೊಳಗೆ ಏನನ್ನು ನೋಡಲು ಬಗ್ಗಿತು ಎಂಬುದು ಕಥೆಯಲ್ಲಿದ್ದರೆ ಎರಡು.

ಹೆಜ್ಜೆ 5: ಚಿತ್ರ ಸುಮ್ನೆ ಅಲಂಕಾರವಾ?

ಇದು ಬೇಗ ಮುಗಿಯುವ ಪರೀಕ್ಷೆ. ಪಠ್ಯ ಮುಚ್ಚಿ ಚಿತ್ರ ಮಾತ್ರ ನೋಡಿ. ಪಠ್ಯ ಹೇಳದ ಏನಾದರೂ ಅಲ್ಲಿ ಕಾಣಬೇಕು. ಬರಹದಲ್ಲಿ 'ಅವಳಿಗೆ ಹೆದರಿಕೆ ಇರಲಿಲ್ಲ' ಎಂದಿದ್ದು, ಚಿತ್ರದಲ್ಲಿ ಅಮ್ಮನ ಸೆರಗು ಹಿಡಿದಿದ್ದರೆ ಅದು ಚಿನ್ನದಂಥ ಪುಸ್ತಕ. ಅಮ್ಮ ಯಾವಾಗಲೂ ಅಡುಗೆಮನೆಯಲ್ಲಿ, ಅಪ್ಪ ಯಾವಾಗಲೂ ಪೇಪರ್ ಹಿಡಿದು, ಕಪ್ಪು ಬಣ್ಣ ಯಾವಾಗಲೂ ರಾಕ್ಷಸನಿಗೆ ಎಂದಿದ್ದರೆ ಬಿಟ್ಟುಬಿಡಿ.

ಮಾತೇ ಇಲ್ಲದ ಚಿತ್ರಪುಸ್ತಕಗಳೂ ಸಿಗುತ್ತವೆ. 'ಓದಲು ಏನೂ ಇಲ್ಲ, ಇದಕ್ಕೆ ದುಡ್ಡಾ' ಎಂದು ಹಿಂದೆ ಇಡಬೇಡಿ. ನಮ್ಮಂಥ ನಾಲ್ಕು ಭಾಷೆಯ ಊರಿಗೆ ಅದರಷ್ಟು ಹೊಂದುವ ಪುಸ್ತಕ ಬೇರೆ ಇಲ್ಲ. ಕನ್ನಡ ಓದಲು ಬಾರದ ಅಜ್ಜಿಯೂ ತುಳುವಿನಲ್ಲೋ ಬ್ಯಾರಿಯಲ್ಲೋ ಪುಟ ತಿರುಗಿಸಿ ಕಥೆ ಹೇಳಬಹುದು.

ಹೆಜ್ಜೆ 6: ಮಾಹಿತಿ ಪುಸ್ತಕಕ್ಕೆ ಇಸವಿ ನೋಡಿ

ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ 'ಬಾಲ ಪ್ರಪಂಚ'ದ ಮೂರು ಸಂಪುಟ ಬರೆದರು. ಪುತ್ತೂರಿನ ಬಾಲವನವೂ ಅವರದ್ದೇ ಕನಸು. ಹಕ್ಕಿ, ನಕ್ಷತ್ರ, ಯಂತ್ರ ಎಲ್ಲವನ್ನೂ ಮಕ್ಕಳಿಗೆ ಕನ್ನಡದಲ್ಲಿ ಹೇಳಬಹುದು ಎಂಬ ಹಟ ಅವರದು. ಆದರೆ ಮಾಹಿತಿ ಹಳತಾಗುತ್ತದೆ. ಪುಸ್ತಕ ಅಚ್ಚಾದ ಇಸವಿ ನೋಡುವ ಅಭ್ಯಾಸ ಮಗುವಿಗೂ ಮಾಡಿಸಿ. 2006ರ ಹಿಂದಿನದ್ದಾದರೆ ಪ್ಲೂಟೊ ಗ್ರಹ. 1997ರ ಹಿಂದಿನದ್ದಾದರೆ ಉಡುಪಿ ಜಿಲ್ಲೆಯೇ ಇಲ್ಲ, ನಾವೆಲ್ಲ ದಕ್ಷಿಣ ಕನ್ನಡದವರು.

ಹಾಗೆಂದು ಹಳೆಯದನ್ನು ರದ್ದಿಗೆ ಹಾಕಬೇಡಿ. ಒಂದು ಹಳೆಯದು, ಒಂದು ಹೊಸದು ಪಕ್ಕಪಕ್ಕ ಇಟ್ಟು "ಎಂತಕ್ಕೆ ಬೇರೆ ಬೇರೆ ಉಂಟು?" ಎಂದು ಕೇಳಿ. ಅಚ್ಚಾದದ್ದೆಲ್ಲ ನಿಜ ಅಲ್ಲ, ನಿಜ ಕೂಡ ಬದಲಾಗಬಹುದು ಎಂದು ತಿಳಿಯಲು ಅಷ್ಟು ಸಾಕು.

ಒಳ್ಳೆಯ ಮಾಹಿತಿ ಪುಸ್ತಕ 'ಇಷ್ಟು' ಎಂದು ಮಾತ್ರ ಹೇಳುವುದಿಲ್ಲ, 'ಹೇಗೆ ಗೊತ್ತಾಯಿತು' ಎಂದೂ ಹೇಳುತ್ತದೆ. ಬರೀ 'ಜಗತ್ತಿನ ಅತಿ ದೊಡ್ಡ, ಅತಿ ಎತ್ತರದ' ಪಟ್ಟಿ ಇದ್ದರೆ ಅದು ಕ್ವಿಜ್‌ಗೆ ಆಯಿತು. ಮಲ್ಪೆಯ ದಡದಲ್ಲಿ ಉಬ್ಬರ ಇಳಿತ ನೋಡಿ ಬಂದ ಮಗುವಿಗೆ ಚಂದ್ರನ ಪುಸ್ತಕ ಕೊಡಿ. ಕಂಡದ್ದು ಮೊದಲು, ಪುಸ್ತಕ ಆಮೇಲೆ.

ಹೆಜ್ಜೆ 7: ಎಲ್ಲಿಂದ ತರುವುದು, ಎಷ್ಟು ತರುವುದು

ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡಾ 6 ಗ್ರಂಥಾಲಯ ಕರ ಹಾಕುತ್ತಾರೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ದುಡ್ಡು ಹೇಗೂ ಕೊಟ್ಟಾಗಿದೆ, ಹೋಗಿ ಪುಸ್ತಕ ತರದಿದ್ದರೆ ನಷ್ಟ ನಮಗೇ. ಮಂಗಳೂರಿನವರಿಗೆ ಬಾವುಟಗುಡ್ಡೆಯ ಕೇಂದ್ರ ಗ್ರಂಥಾಲಯ ಉಂಟು. ಹಳ್ಳಿಯವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗ ಅದಕ್ಕೆ ಅರಿವು ಕೇಂದ್ರ ಎಂದು ಹೆಸರು. 2020ರಲ್ಲಿ ಶುರುವಾದ 'ಓದುವ ಬೆಳಕು' ಯೋಜನೆಯಿಂದ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಮಕ್ಕಳ ಕಪಾಟು ತೆಳ್ಳಗೆ ಕಂಡರೆ ಬೇಕಾದ ಪುಸ್ತಕಗಳ ಹೆಸರು ಬರೆದು ಕೊಡಿ. ಕೇಳುವವರಿಲ್ಲದೆ ಕಪಾಟು ತುಂಬುವುದಿಲ್ಲ.

ಕೊಳ್ಳುವುದಾದರೆ, ತೆಳು ಚಿತ್ರಪುಸ್ತಕಗಳಿಗೆ ಎರಡು ಪ್ಲೇಟ್ ಗೋಳಿಬಜೆಗಿಂತ ಜಾಸ್ತಿ ಖರ್ಚಿಲ್ಲ. ಸಂಪುಟಗಟ್ಟಲೆ ಒಮ್ಮೆಲೇ ಬೇಡ, ನನ್ನ ಬೂಸ್ಟು ಹಿಡಿದ ಕಂತು ನೆನಪಿರಲಿ.

ನಮ್ಮ ಲೆಕ್ಕ ಒಂದು ಸಲಕ್ಕೆ ಐದು ಪುಸ್ತಕ. ಎರಡು ಸುಲಭದ್ದು, ಮಗು ಒಬ್ಬಳೇ ಕೂತು ಓದಿ ಮುಗಿಸುವಂಥದ್ದು. ಎರಡು ಅವಳ ಮಟ್ಟದ್ದು. ಒಂದು ಅವಳಿಗಿಂತ ಮೇಲಿನದು, ಅದನ್ನು ನಾನು ಓದಿ ಹೇಳುತ್ತೇನೆ. ಐದರಲ್ಲಿ ಮೂರನ್ನು ಅವಳೇ ಆರಿಸುತ್ತಾಳೆ, ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ. ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ದೆವ್ವದ ಕಥೆ, ಕಾಮಿಕ್ಸು, ಒಂದೇ ಪುಸ್ತಕ ಏಳನೇ ಸಲ, ಎಲ್ಲ ಬರುತ್ತವೆ. ಬರಲಿ. ಏಳನೇ ಸಲ ಓದುವಾಗ ಕಥೆ ಗೊತ್ತಿರುತ್ತದೆ, ಗಮನ ಪದಗಳ ಕಡೆಗೆ, ಚಿತ್ರದ ಮೂಲೆಯ ಕಡೆಗೆ ಹೋಗುತ್ತದೆ.

ಹೆಜ್ಜೆ 8: ಓದಿದ ಮೇಲೆ ಕೇಳುವ ಪ್ರಶ್ನೆ

'ನಾಯಿಯ ಹೆಸರೇನು, ಎಷ್ಟು ಮೀನು ಇದ್ದವು' ಎಂದು ಕೇಳಿದರೆ ಮನೆಯೂ ಶಾಲೆಯಾಗುತ್ತದೆ. ಅಮೆರಿಕದ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಮಾತುಕತೆಯ ಓದು ಎಂಬ ಕ್ರಮದ ಬಗ್ಗೆ ಬರೆದರು. ದೊಡ್ಡವರು ಓದುತ್ತಾ ಹೋಗುವ ಬದಲು ನಡುನಡುವೆ ನಿಲ್ಲಿಸಿ, ಕೇಳಿ, ಮಗು ಹೇಳಿದ್ದನ್ನು ಸ್ವಲ್ಪ ಬೆಳೆಸಿ ತಿರುಗಿ ಹೇಳುವುದು. ಮಗು "ಬೆಕ್ಕು ಓಡಿತು" ಎಂದರೆ ನೀವು "ಹೌದು, ನೀರು ಕಂಡು ಹೆದರಿ ಓಡಿತು" ಎನ್ನುವುದು. ಅಷ್ಟೇ.

ಒಂದು ಕಥೆಗೆ ಎರಡು ಪ್ರಶ್ನೆ ಸಾಕು. 'ನೀನಾಗಿದ್ದರೆ?' ಒಂದು. 'ಯಾಕೆ?' ಇನ್ನೊಂದು. ಅದನ್ನು ಮನೆಯ ಭಾಷೆಯಲ್ಲೇ ಕೇಳಿ. ತುಳುವಿನಲ್ಲಿ 'ದಾಯೆ?', ಕೊಂಕಣಿಯಲ್ಲಿ 'ಕಿತ್ಯಾಕ್?' ಎಂದು ಕೇಳಿದಾಗ ಬರುವ ಉತ್ತರದ ಉದ್ದವೇ ಬೇರೆ. ಉತ್ತರ ಬರದಿದ್ದರೆ ಬಿಟ್ಟುಬಿಡಿ. ಎರಡು ದಿನ ಕಳೆದು ಸ್ನಾನದ ಮನೆಯಿಂದ ಕೂಗಿ ಹೇಳುತ್ತಾರೆ.

ಹೆಜ್ಜೆ 9: ಮಳೆಗಾಲಕ್ಕೆ ತಯಾರಿ

ಜೂನ್, ಜುಲೈಯಲ್ಲಿ ಜೋರು ಮಳೆ ಬಂದರೆ ಬೆಳಿಗ್ಗೆ ಡಿಸಿ ರಜೆಯ ಮೆಸೇಜು ಬರುತ್ತದೆ. ಅಂಥ ದಿನಕ್ಕೆಂದು ಎರಡು ಹೊಸ ಪುಸ್ತಕ ಅಡಗಿಸಿಡಿ. ಕರೆಂಟ್ ಹೋಗಿ ಟಿವಿ ಸುಮ್ಮನಾದಾಗ ಹೊರಗೆ ತೆಗೆಯಿರಿ.

ಪುಸ್ತಕ ಇಡುವ ಕಪಾಟು ಹೊರಗೋಡೆಗೆ ತಾಗಬಾರದು, ನಾಲ್ಕು ಬೆರಳು ಜಾಗ ಬಿಡಿ. ಗಾಜಿನ ಬಾಗಿಲು ಹಾಕಿ ಮುಚ್ಚಿದರೆ ಬೂಸ್ಟು ಜಾಸ್ತಿ, ಗಾಳಿ ಆಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದೂ ಬೇಡ, ಒಳಗಿನ ತೇವ ಒಳಗೇ ಉಳಿಯುತ್ತದೆ. ನುಸಿಗುಳಿಗೆ ಇಡುವವರು ಸಣ್ಣ ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಅದು ವಿಷ. ಮಕ್ಕಳ ಕಪಾಟಿನಲ್ಲಂತೂ ಬೇಡವೇ ಬೇಡ. ಮಳೆ ಬಿಟ್ಟು ಬಿಸಿಲು ಕಂಡ ದಿನ ಪುಸ್ತಕಗಳನ್ನು ಚಿಟ್ಟೆಯ ರೆಕ್ಕೆಯ ಹಾಗೆ ತೆರೆದು ಜಗಲಿಯ ನೆರಳಿನಲ್ಲಿ ನಿಲ್ಲಿಸಿ. ಈ ಕೆಲಸ ಮಕ್ಕಳಿಗೇ ಕೊಡಿ. ನಮ್ಮ ಮನೆಯಲ್ಲಿ ಅರ್ಧ ಗಂಟೆಯ ಕೆಲಸಕ್ಕೆ ಇಡೀ ಮಧ್ಯಾಹ್ನ ಹಿಡಿಯುತ್ತದೆ, ಯಾಕೆಂದರೆ ನಿಲ್ಲಿಸಿದ ಪ್ರತಿ ಪುಸ್ತಕವನ್ನೂ ಮತ್ತೆ ಎತ್ತಿ ಓದುತ್ತಾಳೆ.